ಖಾಲಿ ಕುರ್ಚಿಯ ಅಪ್ಪಣೆ

"ಮೂರು ದಿನದ ಟ್ರೇನಿಂಗ್ ಮುಗಿಸ್ಕೊಂಡು ಬಂದ್ಮೇಲೆ ಮೇಡಂ ಯಾರನ್ನೂ ಕೇಳ್ತಿರಲಿಲ್ಲ ಕಣ್ರೀ, ಹುಲಿ ಆಗ್ಬುಟ್ರು" ಎಂದು ನಮ್ಮ ಬ್ಯಾಂಕಿನ ಮಂಡಿ ಮೊಹಲ್ಲಾ ಶಾಖೆಯವರು ಇವತ್ತಿಗೂ ಹೇಳುತ್ತಾರೆ. ಯಾರನ್ನೂ ಕೇಳುತ್ತಿರಲಿಲ್ಲವೇ? ನಾನು ಒಪ್ಪುವುದಿಲ್ಲ. ಕೇಳುತ್ತಿದ್ದರು. ಮ್ಯಾನೇಜರನ್ನಲ್ಲ, ಅಷ್ಟೇ.

ತೊಂಬತ್ತರ ದಶಕದ ಕೊನೆ. ನಾನು ಹೊಸದಾಗಿ ಸೇರಿದ ಆಫೀಸರ್. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಅಮಲು ಇನ್ನೂ ಇಳಿದಿರಲಿಲ್ಲ. ಮೇಡಂ ಇಪ್ಪತ್ತೆರಡು ವರ್ಷ ಸರ್ವೀಸಾದ ಕ್ಲರ್ಕ್, ಲಾಕರ್‌ಗಳ ಉಸ್ತುವಾರಿ ಅವರದು. "ನಿಮ್ಮ ಮೇಜಿನ ತೀರ್ಮಾನ ನಿಮ್ಮದೇ, ಇನ್ನು ಸಾಹೇಬರ ಬಾಗಿಲು ತಟ್ಟಬೇಡಿ" ಎಂದು ಟ್ರೇನಿಂಗಿನಲ್ಲಿ ಹೇಳಿ ಕಳಿಸಿದ್ದರು. ಮೇಡಂ ಅದನ್ನು ಪಾಲಿಸಿದರು, ಒಂದು ರೀತಿಯಲ್ಲಿ. ಮ್ಯಾನೇಜರು ಒಳಗಿದ್ದರೆ ಅತ್ತ ಸುಳಿಯುತ್ತಲೇ ಇರಲಿಲ್ಲ. ಅವರು ಊಟಕ್ಕೆ ಎದ್ದು ಹೋದ ಮೇಲೆ, ರಿಜಿಸ್ಟರ್ ಎದೆಗವಚಿಕೊಂಡು ಹೋಗಿ ಖಾಲಿ ಕ್ಯಾಬಿನ್ನಿನ ಬಾಗಿಲನ್ನು ಎರಡು ಸಲ ತಟ್ಟಿ, ತುಸು ಕಾದು, ಒಳಗೆ ಹೋಗುತ್ತಿದ್ದರು. ಗಾಜಿನಾಚೆ ತುಟಿ ಅಲುಗುವುದು ಕಾಣುತ್ತಿತ್ತು. ಆಮೇಲೆ ತಲೆ ತಗ್ಗಿಸಿ ನಿಲ್ಲುವರು, ಯಾರೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುವಂತೆ. "ಸರಿ ಸಾರ್" ಎಂದು ಹೊರಬರುವರು.

"ಹಳೇ ಮ್ಯಾನೇಜರ್ ದೆವ್ವ ಬುಡಿ ಸಾರ್" ಎಂದರು ಕ್ಯಾಷಿಯರ್.

ದೆವ್ವ ಆಗೋಕೆ ಮೊದಲು ಸಾಯಬೇಕಲ್ಲ ಎಂದು ವಾದ ಹೂಡಿದೆ. ಆ ಕುರ್ಚಿಯಲ್ಲಿ ಕೂತು ಹೋದವರೆಲ್ಲ ಗುಂಡುಕಲ್ಲಿನ ಹಾಗೆ ಬದುಕಿದ್ದರು. ಕ್ಯಾಷಿಯರ್ ನೋಟು ಎಣಿಸಲು ಹೊರಟರು. ಗೆದ್ದೆ. ಗೆದ್ದ ಮೇಲೆಯೇ ನನಗೆ ಹೆದರಿಕೆ ಶುರುವಾದದ್ದು. ದೆವ್ವ ಅಲ್ಲದಿದ್ದರೆ ಮತ್ತೇನು?

ಒಂದು ಶುಕ್ರವಾರ ಮ್ಯಾನೇಜರು ಶನಿವಾರವನ್ನೂ ಸೇರಿಸಿ ರಜೆ ಹಾಕಿದ್ದರು. ಕ್ಯಾಬಿನ್ನಿನಲ್ಲಿ ಅವರ ಕುರ್ಚಿಯಲ್ಲಿ ನಾನಿದ್ದೆ. ಹನ್ನೊಂದರ ಹೊತ್ತಿಗೆ ನಿವೃತ್ತ ಮೇಷ್ಟರೊಬ್ಬರು ಲಾಕರ್ ತೆಗೆಯಬೇಕೆಂದು ಬಂದರು. ಲಕ್ವ ಹೊಡೆದು ಬಲಗೈ ನಡುಗುತ್ತಿತ್ತು. ಹಾಕಿದ ಸಹಿ ನಮ್ಮಲ್ಲಿದ್ದ ಹಳೆಯ ಸಹಿಗೆ ಹೊಂದಲೇ ಇಲ್ಲ. ಮರುದಿನ ಮೊಮ್ಮಗಳ ಧಾರೆ. ತೀರಿಕೊಂಡ ಹೆಂಡತಿ ಅವಳಿಗೆಂದು ಎತ್ತಿಟ್ಟ ಸರ ಲಾಕರಿನಲ್ಲಿತ್ತು.

ಬಾಗಿಲು ಎರಡು ಸಲ ಸದ್ದಾಯಿತು. "ಬನ್ನಿ" ಎಂದೆ. ಮೇಡಂ ಬಂದು ನಿಂತರು. ಅವರ ಕಣ್ಣು ನನ್ನ ತಲೆಯಿಂದ ಒಂದು ಗೇಣು ಮೇಲೆ ನೆಟ್ಟಿತ್ತು.

"ಸಾರ್, ಇಪ್ಪತ್ತು ವರ್ಷದಿಂದ ನೋಡಿದ ಮುಖ. ಸಹಿ ಮಾತ್ರ ಕೂಡ್ತಿಲ್ಲ. ತೆಗೀಲಾ?"

"ಬೇಡ ಮೇಡಂ. ಸೋಮವಾರ ಮ್ಯಾನೇಜರ್ ಬರ್ಲಿ." ಸ್ಪಷ್ಟವಾಗಿ, ಎರಡು ಸಲ ಹೇಳಿದೆ.

ಅವರು ತಲೆ ತಗ್ಗಿಸಿದರು. ಕಾದರು. ಅಷ್ಟು ಹೊತ್ತು ಒರಗಿ ಕೂತಿದ್ದ ಕುರ್ಚಿ ನನ್ನ ಬೆನ್ನಿಗೆ ತಣ್ಣಗಾಯಿತು.

"ಸರಿ ಸಾರ್" ಎಂದು ಹೊರಟರು.

ಮರುಕ್ಷಣ ಲಾಕರ್ ಕೋಣೆಯ ಬಾಗಿಲು ಕಿರುಗುಟ್ಟಿತು. ಓಡಿದೆ. ಮೇಷ್ಟರು ನಡುಗುವ ಕೈಯಿಂದ ಹಳದಿ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಆ ಮುಖ ನೋಡಿ, ಮೇಡಂ ಮಾಡಿದ್ದೇ ಸರಿ ಅಂತ ನನಗೂ ಅನ್ನಿಸಿತು. ಆದರೂ ಕೇಳಿದೆ.

"ನಾನು ಬೇಡ ಅಂದ್ನಲ್ಲಾ ಮೇಡಂ?"

ಅವರು ನಿಜಕ್ಕೂ ಬೆರಗಾದರು. "ನೀವಾ? ನೀವ್ಯಾವಾಗ ಕ್ಯಾಬಿನ್ ಒಳಗೆ ಬಂದ್ರಿ?"

"ಹಾಗಾದ್ರೆ ತೆಗೀರಿ ಅಂದೋರು ಯಾರು ಮೇಡಂ?"