ಮಾವ ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತಿದ್ದು

ನನ್ನ ಸೋದರಮಾವ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ನಮಗಷ್ಟೇ ಅಲ್ಲ, ಬೀದಿಗೆಲ್ಲ ಅವರು ತುತ್ತೂರಿ ಮಾವ. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಅಂಚೆಯವನೂ 'ಮಾವ' ಎಂದೇ ಕೂಗುತ್ತಿದ್ದ. ಹಗಲಿಡೀ ಒಂದು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತಿರುತ್ತಿದ್ದರು. ಸಂಜೆ ಐದಾಗುತ್ತಲೇ ಕೈ ತೊಳೆದು ಬ್ಯಾಂಡಿನ ಕೋಣೆಗೆ ಹೋದರೆಂದರೆ ಬೇರೆಯೇ ಮನುಷ್ಯ. ಮುದ್ರಣಾಲಯದಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು ಅಲ್ಲಿ ಹನ್ನೆರಡು ಜನರನ್ನು ನಗಿಸುತ್ತಿದ್ದರು.

ಅವರ ನಲವತ್ತೇಳನೆಯ ವಯಸ್ಸಿನಲ್ಲಿ ಮೇಲ್ಸಾಲಿನ ಮುಂದಿನ ಹಲ್ಲೊಂದು ಅಲುಗಾಡತೊಡಗಿತು. ಟ್ರಂಪೆಟ್ ಊದುವಾಗ ಲೋಹದ ಬಾಯಿಯನ್ನು ತುಟಿಗೆ ಒತ್ತಿ ಹಿಡಿಯಬೇಕು. ತುಟಿಗೆ ಆಸರೆ ಅದರ ಹಿಂದಿರುವ ಹಲ್ಲು. ಹಲ್ಲು ಅಲುಗಿದರೆ ಸ್ವರವೂ ಅಲುಗುತ್ತದೆ. ಒಂದು ಮದುವೆಯ ಮೆರವಣಿಗೆಯಲ್ಲಿ ಮೇಲಿನ ಸ್ವರ ಹಿಡಿಯಲು ಹೋಗಿ ಬರೀ ಗಾಳಿ ಬಂತು. ಜನ ಗಮನಿಸಲಿಲ್ಲ. ಬ್ಯಾಂಡ್ ಮಾಸ್ಟರ್ ತಿರುಗಿ ನೋಡಿದರು.

ಒಸಡಿನಲ್ಲಿ ರಕ್ತ ಬರುತ್ತಿದ್ದುದು ಮನೆಯವರಿಗೆ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಮಾವ ಹಲ್ಲುಜ್ಜಿ ಬೇಗಬೇಗ ನೀರು ಸುರಿದುಬಿಡುತ್ತಿದ್ದರು, ಆದರೂ ಬೇಸಿನ್ನಿನ ಅಂಚಿನಲ್ಲಿ ಕೆಂಪು ಗೆರೆ ಉಳಿಯುತ್ತಿತ್ತು. "ಡಾಕ್ಟರಿಗೆ ತೋರಿಸಿ ಅಂತ ಹೇಳಿ ಹೇಳಿ ನನ್ನ ಬಾಯಿ ಸವೀತು, ಇವರ ಬಾಯಿ ಮಾತ್ರ ತೆರೀಲಿಲ್ಲ" ಎಂದು ಅತ್ತೆ ನಮ್ಮಮ್ಮನ ಹತ್ತಿರ ಗೊಣಗುತ್ತಿದ್ದರು.

ಹೆದರಿಕೆಗೆ ಕಾರಣವಿತ್ತು. ಮಾವ ಅದನ್ನು ಒಂದೇ ಒಂದು ಸಲ ನನಗೆ ಹೇಳಿದ್ದಾರೆ. ಒಂಬತ್ತು ವರ್ಷದವರಿದ್ದಾಗ ಹುಳುಕು ದವಡೆ ಹಲ್ಲು ಕೀಳಿಸಲು ಅಜ್ಜ ಕರೆದುಕೊಂಡು ಹೋಗಿದ್ದರಂತೆ. ಮರಗಟ್ಟಿಸುವ ಇಂಜೆಕ್ಷನ್ ಹತ್ತುವ ಮೊದಲೇ ಡಾಕ್ಟರು ಇಕ್ಕಳ ಹಾಕಿದರು. ಹಲ್ಲು ಅರ್ಧಕ್ಕೆ ಮುರಿಯಿತು. ಉಳಿದದ್ದನ್ನು ಕೆದಕಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು.

"ನೋವು ಹೆಂಗಿತ್ತು ಅನ್ನೋದೇ ಮರ್ತು ಹೋಗಿದೆ ಕಣೆ" ಎಂದರು ಮಾವ. "ಅಪ್ಪ ನನ್ನ ಎರಡೂ ಕೈ ಹಿಡ್ಕೊಂಡಿದ್ರು. ಈಗ ಬಿಡಿಸ್ತಾರೆ, ಈಗ ಬಿಡಿಸ್ತಾರೆ ಅಂತ ಅವರ ಮುಖಾನೇ ನೋಡ್ತಿದ್ದೆ. ಅವರು ಹಿಡ್ಕೊಂಡೇ ಇದ್ರು."

ಅಂದಿನಿಂದ ಹಲ್ಲಿನ ಡಾಕ್ಟರ ಬೋರ್ಡು ಕಂಡರೂ ಅವರು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು.

ಅತ್ತೆ ಫೋನ್ ಮಾಡಿ ದಿನ ಗೊತ್ತುಮಾಡಿದರು. ಮೊದಲ ಸಲ ಮುದ್ರಣಾಲಯದಲ್ಲಿ ಯಂತ್ರ ಕೆಟ್ಟಿತ್ತಂತೆ. ಎರಡನೆಯ ಸಲ ಮನೆಯಿಂದ ಹೊರಟದ್ದು ನಿಜ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ಕು. ಐದು ಮೆಟ್ಟಿಲು ಹತ್ತುವಷ್ಟರಲ್ಲಿ ಮೇಲಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳಿಸಿತು. ಇಳಿದು ಬಂದು, ಕೆಳಗಿನ ಅಂಗಡಿಯಲ್ಲಿ ನೋವಿನ ಮಾತ್ರೆ ತೆಗೆದುಕೊಂಡು ಮನೆಗೆ ನಡೆದರು.

"ಡಾಕ್ಟರು ಇರ್ಲಿಲ್ಲ."

"ಇದ್ರು. ಈಗ ತಾನೇ ಅವರೇ ಫೋನ್ ಮಾಡಿ ನಿಮ್ಮನ್ನ ಕೇಳಿದ್ರು."

ಮಾವನ ಮುಖ ಸಣ್ಣದಾಯಿತು.

ಹೀಗೇ ಮೂರು ವರ್ಷ ಕಳೆಯಿತು. ಒಂದರ ಜೊತೆ ಇನ್ನೆರಡು ಹಲ್ಲು ಅಲುಗಿದವು. ಅನ್ನವನ್ನೂ ಒಂದೇ ಬದಿಯಲ್ಲಿ ಅಗಿಯುತ್ತಿದ್ದರು. ಸಂಜೆ ಬ್ಯಾಂಡಿನಲ್ಲಿ ಮೇಲಿನ ಸ್ವರಗಳನ್ನು ಪಕ್ಕದವನಿಗೆ ಬಿಟ್ಟುಕೊಟ್ಟು ತಾವು ಕೆಳಗಿನವನ್ನು ಊದುತ್ತಿದ್ದರು. ಕೊನೆಗೊಂದು ದಿನ ಅದೂ ಆಗಲಿಲ್ಲ. ತುಟಿಗೆ ಇಟ್ಟ ಕೂಡಲೇ ಜೀವ ಹೋದಂಥ ನೋವು. ಆ ಸಂಜೆ ಬಂದು ಅತ್ತೆಯ ಎದುರು ಕೂತು, "ಹೋಗೋಣ. ಆದ್ರೆ ನಂಗೆ ಆಗಲ್ಲ ಅಂತ ಗೊತ್ತು" ಎಂದರು.

ಆಗ ಅತ್ತೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. "ನಿಮ್ಮ ಕೈ ಯಾರೂ ಹಿಡ್ಕೊಳ್ಳಲ್ಲ. ರೂಮಿನ ಬಾಗಿಲು ತೆಗೆದಿರ್ಲಿ ಅಂತ ಡಾಕ್ಟರಮ್ಮನಿಗೆ ಹೇಳ್ತೀನಿ. ಎದ್ದು ಬರ್ಬೇಕು ಅನ್ಸಿದ್ರೆ ಎದ್ದು ಬನ್ನಿ, ಮನೆಗೆ ಹೋಗೋಣ. ನಾನೊಂದು ಮಾತೂ ಆಡಲ್ಲ."

ಮಾರನೆಯ ದಿನ ನಾವು ಮೂವರೂ ಹೋದೆವು. ಮಾವ ಗೋಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಬಾಗಿಲು ತೆರೆದೇ ಇಟ್ಟರು.

"ಸಾರ್, ಸಾಕು ಅನ್ಸಿದ್ರೆ ಕೈ ಎತ್ತಿ. ನಾನು ನಿಲ್ಲಿಸ್ತೀನಿ."

"ನಿಜವಾಗ್ಲೂ ನಿಲ್ಲಿಸ್ತೀರಾ?"

"ಎತ್ತಿ ನೋಡಿ."

ಬಾಯೊಳಗೆ ಪುಟ್ಟ ಕನ್ನಡಿ ಇಟ್ಟ ಕೂಡಲೇ ಮಾವ ಎತ್ತಿದರು. ಆಕೆ ಕನ್ನಡಿಯನ್ನು ಹೊರತೆಗೆದು ಕೈಕಟ್ಟಿ ಕೂತರು. ಆ ದಿನ ಮಾವ ಹನ್ನೊಂದು ಸಲ ಕೈ ಎತ್ತಿದರು, ಹನ್ನೊಂದು ಸಲವೂ ಆಕೆ ನಿಲ್ಲಿಸಿದರು. ಆಮೇಲೆ ಕೈ ತೊಡೆಯ ಮೇಲೇ ಉಳಿಯಿತು. ಹೊರಗಿನ ಬೆಂಚಿನಲ್ಲಿ ಕೂತಿದ್ದ ಅತ್ತೆ ನನ್ನ ಮೊಣಕೈ ತಿವಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗೆದ್ದೆವು ಅಂದುಕೊಂಡೆವು.

ಎಕ್ಸ್‌ರೇ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನೂ ಒಳಗೆ ಕರೆದರು. ಚಿತ್ರವನ್ನು ಬೆಳಕಿಗೆ ಹಿಡಿದು, ಬೇರುಗಳ ಸುತ್ತ ಬೆಳ್ಳಗಿರಬೇಕಾದ ಕಡೆ ಕಪ್ಪಗಿರುವುದನ್ನು ತೋರಿಸಿದರು. ಒಸಡಿನ ರೋಗ ಒಳಗಿನ ಮೂಳೆಯನ್ನು ತಿಂದುಹಾಕಿತ್ತು. ಮೇಲಿನ ಮುಂದಿನ ಆರು ಹಲ್ಲೂ ಹೋಗಬೇಕು. ಮೂಳೆಗೆ ತಿರುಪು ಹಾಕಿ ಹೊಸ ಹಲ್ಲು ಕೂರಿಸೋಣವೆಂದರೆ ಮೂಳೆಯೇ ಇಲ್ಲ. ತೆಗೆದು ಹಾಕುವ ಹಲ್ಲಿನ ಸೆಟ್ಟು ಮಾಡಿಕೊಡಬಹುದು, ಅಷ್ಟೇ.

"ಅದನ್ನ ಹಾಕ್ಕೊಂಡು ಟ್ರಂಪೆಟ್ ಊದಬಹುದಾ?"

"ಕಷ್ಟ ಸಾರ್."

ಮಾವ ಚಿತ್ರವನ್ನು ತಾವೇ ಕೈಗೆ ತೆಗೆದುಕೊಂಡು ಕೇಳಿದರು. "ಮೂರು ವರ್ಷದ ಹಿಂದೆ ಬಂದಿದ್ರೆ?"

ಆಕೆ ಅತ್ತೆಯ ಕಡೆ ನೋಡಿದರು. ಸುಳ್ಳು ಹೇಳಬಹುದಿತ್ತು. "ಉಳಿಸಬಹುದಿತ್ತೇನೋ. ಕ್ಲೀನ್ ಮಾಡಿ, ಒಸಡಿಗೆ ಔಷಧಿ ಮಾಡಿದ್ರೆ ಸಾಕಾಗ್ತಿತ್ತು."

ಮುಂದಿನ ವಾರ ಆರನ್ನೂ ತೆಗೆದರು. ಕಾಲು ಗಂಟೆಯೂ ಹಿಡಿಯಲಿಲ್ಲ. ಬಾಯಲ್ಲಿ ಹತ್ತಿ ಇಟ್ಟುಕೊಂಡು ಇಳಿಯುತ್ತಿದ್ದ ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಲೆ ಸುತ್ತಿತೆಂದು ಅತ್ತೆ ಗಾಬರಿಯಾದರು. ಮಾವ ಹತ್ತಿಯನ್ನು ಕೈಗೆ ತೆಗೆದುಕೊಂಡು, ತೊದಲುತ್ತಾ, "ನೋವೇ ಆಗ್ಲಿಲ್ಲ ಕಣೆ. ಇಷ್ಟೇನಾ? ಇಷ್ಟಕ್ಕಾ ನಾನು ಹೆದರಿದ್ದು?" ಎಂದು ಅಳತೊಡಗಿದರು. ಔಷಧಿ ಅಂಗಡಿಯವರು ಕತ್ತು ಹೊರಹಾಕಿ ನೋಡಿ, ಹಲ್ಲುನೋವೆಂದುಕೊಂಡು ಒಳಗೆ ಹೋದರು.

ಹಲ್ಲಿನ ಸೆಟ್ಟು ಬಂದ ಮೇಲೆ ಮೂರು ತಿಂಗಳು ಪ್ರತಿ ಸಂಜೆ ಊದಲು ನೋಡಿದರು. ತುಟಿಗೆ ಒತ್ತಿದ ಕೂಡಲೇ ಸೆಟ್ಟು ಸರಿಯುತ್ತಿತ್ತು. ಅಂಟಿಸುವ ಪುಡಿ ಹಾಕಿದರು, ಮೆಲ್ಲಗೆ ಒತ್ತಿದರು, ಸೆಟ್ಟು ತೆಗೆದಿಟ್ಟೂ ಊದಿದರು. ಬಂದದ್ದು ಉಸಿರು, ಉಗುಳು. ಪಕ್ಕದ ಮನೆಯಲ್ಲಿದ್ದ ನಮಗೆ ಅದು ಕೇಳಿಸುತ್ತಿತ್ತು. ಅಮ್ಮ ಎದ್ದು ಕಿಟಕಿ ಹಾಕುತ್ತಿದ್ದಳು.

ಮಾಸ್ಟರ್ ಮನೆಗೇ ಬಂದರು. "ತಾಳ ಹಾಕು ಮಾರಾಯ. ಊದೋದೊಂದೇನಾ ಬ್ಯಾಂಡು? ನೀನಿಲ್ದೆ ಯಾರೂ ನಗ್ತಾನೇ ಇಲ್ಲ."

ಮಾವ ಎರಡು ಮೆರವಣಿಗೆಗೆ ತಾಳ ಹಿಡಿದು ಹೋದರು. ಮೂರನೆಯದಕ್ಕೆ ಹೋಗಲಿಲ್ಲ. ಟ್ರಂಪೆಟ್ಟನ್ನು ಒರೆಸಿ ಮಾಸ್ಟರ್ ಕೈಗೆ ಕೊಟ್ಟು ಬಂದರು.

ಈಗ ಆರು ತಿಂಗಳಿಗೊಮ್ಮೆ, ಯಾರೂ ಹೇಳದೆಯೇ, ಉಳಿದ ಹಲ್ಲು ತೋರಿಸಲು ಒಬ್ಬರೇ ಹೋಗುತ್ತಾರೆ. ಕಳೆದ ಸಲ ಕುರ್ಚಿಯಲ್ಲೇ ನಿದ್ದೆ ಹೋದರಂತೆ. ನಿಮ್ಮಷ್ಟು ಧೈರ್ಯದ ಪೇಷಂಟು ನನಗಿಲ್ಲ ಎಂದು ಡಾಕ್ಟರಮ್ಮ ನಕ್ಕರಂತೆ. ಮನೆಗೆ ಬಂದು ಅದನ್ನು ಅವರೇ ನಮಗೆ ಹೇಳಿದರು. ಅತ್ತೆ ನಕ್ಕರು, ನಾನೂ ನಕ್ಕೆ. ಮಾವ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಮೊದಲು ಬ್ಯಾಂಡಿಗೆ ಹೊರಡುತ್ತಿದ್ದ ಆ ಹೊತ್ತಿನಲ್ಲಿ, ಇನ್ನೂ ಬಿಸಿಲಿರುವಾಗಲೇ ಗೋಡೆಯ ಕಡೆ ತಿರುಗಿ ಮಲಗಿಕೊಂಡರು.