ಹುಕುಂ ಮುಗಿದ ಮೇಲಿನ ಬಾಯಿಬಟ್ಟೆ

ಇನ್ನು ಮೇಲೆ ಬಾಯಿಬಟ್ಟೆ ಬೇಕಿಲ್ಲವೆಂದು ಡಂಗುರ ಸಾರಿದ ದಿನ ಶಹಾಬಾದದಲ್ಲಿ ಸಂತೆ ನೆರೆದಿತ್ತು. ಡಂಗುರದವನು ಸರ್ಕಾರದ ಹೆಸರು ಹೇಳಿ ಮುಗಿಸುವಷ್ಟರಲ್ಲೇ ಮಂದಿ ಮೂಗಿನ ಮೇಲಿನ ಬಟ್ಟೆ ಕಿತ್ತು ಗಾಳಿಯಲ್ಲಿ ಬೀಸಿದರು. ಮೆಣಸಿನಕಾಯಿ ಮಾರುವವಳೊಬ್ಬಳು ತನ್ನದರಿಂದ ತಕ್ಕಡಿ ಒರೆಸಿದಳು. ಇಡೀ ಸಂತೆಯಲ್ಲಿ ಬಟ್ಟೆ ಬಿಚ್ಚದೆ ನಿಂತವನು ನಾನೊಬ್ಬನೇ. ಇದನ್ನು ಯಾರೂ ಧೈರ್ಯವೆಂದು ತಿಳಿಯಬಾರದು. ನನ್ನ ಆಯುಷ್ಯದಲ್ಲಿ ನಾನು ಮಂದಿಗೆ ಎದುರಾಗಿ ನಿಂತದ್ದು ಅದೊಂದೇ ಸಲ, ಅದೂ ಹೆದರಿಕೆಯಿಂದ.

ನಿಜಾಮರ ಸರ್ಕಾರದ ಶಾಲೆಯಲ್ಲಿ ನಾನು ಆಗ ಮಾಸ್ತರನಾಗಿದ್ದೆ. ಮೂವತ್ತೈದರ ಆಸುಪಾಸು ವಯಸ್ಸು, ಎಪ್ಪತ್ತರ ಕಾಳಜಿ. ವಾಡಿಯಲ್ಲಿ ರೈಲು ಹಿಡಿಯುವುದಿದ್ದರೆ ಮೂರು ತಾಸು ಮೊದಲೇ ಹೋಗಿ ಕೂತು, ರೈಲು ಬಂದ ಮೇಲೆ ಇದು ಬೇರೆ ಕಡೆ ಹೋಗುವುದೇನೋ ಎಂದು ನಾಲ್ಕು ಜನರನ್ನು ಕೇಳುವವನು. ಕಾಗದ ಬಂದರೆ ಓದುವ ಮೊದಲು ಅದರ ಮೂಲೆ ಹರಿದಿದೆಯೇ, ಯಾರಾದರೂ ಸತ್ತ ಸುದ್ದಿಯೇ ಎಂದು ತಿರುಗಿಸಿ ನೋಡುವವನು. ಇಂಥವನ ಕೈಗೆ ಸರ್ಕಾರವೇ ಒಂದು ಹೆದರಿಕೆ ಕೊಟ್ಟು, ಮೂರು ತಿಂಗಳಾದ ಮೇಲೆ ಮರಳಿ ಕೊಡು ಎಂದರೆ ಹೇಗೆ ಕೊಟ್ಟಾನು?

ಆ ಚಳಿಗಾಲದ ಪ್ಲೇಗು ಮೊದಲಿನಂಥದ್ದಲ್ಲ. ಮೊದಲು ಇಲಿ ಬೀಳುತ್ತಿದ್ದವು, ಕಂಕುಳಲ್ಲಿ ಗಡ್ಡೆ ಏಳುತ್ತಿತ್ತು, ಜನ ಊರು ಬಿಟ್ಟು ಹೊಲದಲ್ಲಿ ಝೋಪಡಿ ಹಾಕಿಕೊಳ್ಳುತ್ತಿದ್ದರು. ಈ ಸಲ ರೋಗ ಎದೆಗೆ ಇಳಿಯಿತು. ಕೆಮ್ಮಿನಿಂದ ಹಬ್ಬುತ್ತದೆ ಎಂದು ಕಲಬುರಗಿಯಿಂದ ಬಂದ ಡಾಕ್ಟರರು ಹೇಳಿಹೋದರು. ಚಿತ್ತಾಪುರದ ಕಚೇರಿಯಿಂದ ಹುಕುಂ ಬಂತು: ಬಜಾರ, ಸ್ಟೇಷನ್, ಶಾಲೆ, ಎಲ್ಲಿ ಹೋದರೂ ಎರಡು ಪದರ ಬಟ್ಟೆ ಮೂಗು ಬಾಯಿ ಮುಚ್ಚಿರಬೇಕು. ಜನ ಕಟ್ಟಿದರು. ಪೊಲೀಸಿನವನು ಓಣಿಯ ತಿರುವಿನಲ್ಲಿ ಕಂಡಾಗ ಬಟ್ಟೆ ಮೇಲೆ ಏರುತ್ತಿತ್ತು, ಅವನು ದಾಟಿದೊಡನೆ ಗದ್ದಕ್ಕೆ ಇಳಿಯುತ್ತಿತ್ತು. ಪೊಲೀಸಿನವನೂ ಬೀಡಿ ಸೇದಲು ತನ್ನದನ್ನು ಇಳಿಸುತ್ತಿದ್ದ. ಕಲ್ಲಿನ ಗಣಿಯ ಕೂಲಿಗಳು ಮಾತ್ರ ನಕ್ಕರು. ಹುಟ್ಟಿದಾಗಿನಿಂದ ಅವರ ಮೂಗಿಗೆ ಹೋಗುವ ಪುಡಿಗೆ ಯಾವ ಸರ್ಕಾರವೂ ಹುಕುಂ ಹೊರಡಿಸಿರಲಿಲ್ಲ.

ನನ್ನ ಕಾಳಜಿ ನನ್ನ ಪ್ರಾಣದ್ದಷ್ಟೇ ಆಗಿದ್ದರೆ ನಾನೂ ಆ ಸಂತೆಯ ದಿನ ಬಟ್ಟೆ ಬೀಸಿ ಮನೆಗೆ ಬರುತ್ತಿದ್ದೆನೇನೋ. ಮನೆಯಲ್ಲಿ ಅಕ್ಕ ಇದ್ದಳು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಅವನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದವಳು. ಚಿಕ್ಕಂದಿನಿಂದ ಉಬ್ಬಸ. ಚಳಿ ಬಿದ್ದರೆ ಅವಳ ಎದೆಯ ಸಪ್ಪಳ ಪಡಸಾಲೆಯವರೆಗೆ ಕೇಳುತ್ತಿತ್ತು. ಮದುವೆ ಮುಂಜಿಗಳಲ್ಲಿ ಅವಳು ಹಿಂದಿನ ಕೋಣೆಯವಳು. ಯಾರಾದರೂ ಪ್ರಯಾಣ ಹೊರಟರೆ ತಾನೇ ಸರಿದು ಬಾಗಿಲ ಮರೆಗೆ ನಿಲ್ಲುವವಳು. ಊರಲ್ಲಿ ಅವಳಿಗೆ ಅವಳದೇ ಎಂದು ಇದ್ದದ್ದು ಒಂದೇ. ಬಜಾರದ ಹಿಂದಿನ ಹನುಮಂತದೇವರ ಗುಡಿಗೆ ದಿನಾಲೂ ನೈವೇದ್ಯ ಅವಳ ಕೈಯಿಂದ ಹೋಗುತ್ತಿತ್ತು. ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಮಡಿಯಲ್ಲಿ ಒಲೆ ಹಚ್ಚುತ್ತಿದ್ದಳು. ದೇವರ ಅನ್ನದ ಮೇಲೆ ಉಸಿರು ಬೀಳಬಾರದೆಂದು ಮೂಗಿನಿಂದ ಕೆಳಗೆ ಒಂದು ಮಡಿಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಅದು ನಮ್ಮ ಮನೆಯ ಪದ್ಧತಿ, ಅಜ್ಜಿಯಿಂದ ಬಂದದ್ದು. ಅದನ್ನು ಕಂಡು ನಕ್ಕವರನ್ನು ನಾನು ಕಂಡಿಲ್ಲ.

ಮಧ್ಯಾಹ್ನ ಪೂಜಾರಿಗಳು ಬಾಗಿಲಿಗೆ ಬಂದು, "ಅಕ್ಕಾರ, ಆತೇನ್ರೀ?" ಎನ್ನುತ್ತಿದ್ದರು. ಮುಚ್ಚಿದ ಹಿತ್ತಾಳೆಯ ಪಾತ್ರೆ ಹೊತ್ತು ಅವರು ಬಜಾರದಲ್ಲಿ ನಡೆದರೆ ಮಂದಿ ಸರಿದು ದಾರಿ ಬಿಡುತ್ತಿದ್ದರು. ಅಕ್ಕ ಬಾಗಿಲ ಹಿಂದೆ ನಿಂತು ಬಜಾರದ ಗದ್ದಲ ಅಷ್ಟು ದೂರ ತಗ್ಗುವುದನ್ನು ಕೇಳುತ್ತಿದ್ದಳು. ಅವಳು ಕಾಲಿಡದ ಬೀದಿ ಅವಳ ಅನ್ನಕ್ಕೆ ದಾರಿ ಬಿಡುತ್ತಿತ್ತು.

ಹಾಗಾಗಿ ಅರವತ್ತು ಹುಡುಗರ ನಡುವೆ ದಿನವಿಡೀ ಕೂತು ಬರುವ ನಾನು, ಡಂಗುರ ಸಾರಿದ ಮಾತ್ರಕ್ಕೆ ಅವಳ ಎದೆಯ ಕಾಳಜಿ ಬಿಡುವುದು ಹೇಗೆ?

ಮರುದಿನವೇ ಪಾನಪಟ್ಟಿ ಅಂಗಡಿಯವನು ಸುರು ಮಾಡಿದ.

"ಏನ್ರೀ ಮಾಸ್ತರ್ರ, ಹೊಸ ಮದಲಗಿತ್ತಿ ಹಂಗ ಮಾರಿ ಮುಚ್ಕೊಂಡು ಹೊಂಟೀರಲ್ಲ, ಗಂಡನ ಮನಿ ಯಾವ ಊರಾಗ?"

ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಒಬ್ಬ, "ಹಲ್ಲು ಬಿದ್ದಿರಬೇಕಪಾ, ಪಾಪ," ಎಂದ.

"ರೋಗ ಹೋಗ್ಯಾದ್ರೀ, ಡಂಗುರ ಕೇಳಿಲ್ಲೇನು?"

"ನಾ ಕೇಳೀನಿ," ಎಂದೆ. "ರೋಗಕ್ಕ ಕೇಳ್ಸ್ಯಾದೋ ಇಲ್ಲೋ ಗೊತ್ತಿಲ್ಲ."

ಜೀವಮಾನದಲ್ಲಿ ಹೊತ್ತಿಗೆ ಸರಿಯಾಗಿ ನನ್ನ ಬಾಯಿಂದ ಬಂದ ಒಂದೇ ಚಟಾಕಿ ಅದು. ಬಟ್ಟೆಯ ಒಳಗಿನಿಂದ ಬಂದದ್ದಕ್ಕೋ ಏನೋ, ಯಾರೂ ನಗಲಿಲ್ಲ.

ಚೇಷ್ಟೆ ಒಂದು ವಾರ ನಡೆಯಿತು. ಆಮೇಲೆ ಚೇಷ್ಟೆ ನಿಂತಿತು, ಅದು ಇನ್ನೂ ಕೆಟ್ಟದ್ದು. ನಾನು ಬಂದರೆ ಕಟ್ಟೆಯ ಮೇಲೆ ಕೂತವರು ಏಳತೊಡಗಿದರು. ಇವರೇ ಮೂರು ತಿಂಗಳು ಬಟ್ಟೆಯನ್ನು ಗದ್ದಕ್ಕೆ ಇಳಿಸಿಕೊಂಡು ನನ್ನ ಮುಖದ ಮೇಲೆ ಸೀನಿದವರು. ಎಲ್ಲರೂ ಕಟ್ಟಿದ್ದಾಗ ಬಟ್ಟೆಯೆಂದರೆ ಹುಕುಂ. ಒಬ್ಬನೇ ಕಟ್ಟಿದಾಗ, ಅವನ ಮನೆಯಲ್ಲಿ ಏನೋ ಇದೆ ಎಂದಾಯಿತು.

ನಮ್ಮ ಹೆಡ್‌ಮಾಸ್ತರು ಶಹಾಬಾದದವರೇ, ಹಳೆಯ ಮುಸಲ್ಮಾನ ಮನೆತನ, ಒಳ್ಳೆಯ ಮನುಷ್ಯ. ನನ್ನನ್ನು ಕರೆದು ಕುರ್ಚಿ ತೋರಿಸಿದರು.

"ಕುಂದ್ರಿ ಮಾಸ್ತರ್ ಸಾಬ್. ನೋಡ್ರಿ, ಸರ್ಕಾರ ಬಿಮಾರಿ ಖತಂ ಆಗ್ಯಾದ ಅಂತ ಹೇಳ್ಯಾದ. ನೀವು ಸರ್ಕಾರದ ನೌಕರರು. ನೀವ ಬಟ್ಟಿ ಕಟ್ಕೊಂಡು ತಿರಗ್ಯಾಡಿದ್ರ, ಸರ್ಕಾರ ಸುಳ್ಳು ಹೇಳ್ಯಾದ ಅಂದಂಗ ಆತಲ್ಲ?"

ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ. ಕೈ ಆಗಲೇ ಬಟ್ಟೆಯ ಗಂಟಿಗೆ ಹೋಗಿತ್ತು. "ಬಿಚ್ಚಬೇಕೇನ್ರಿ?" ಎಂದೆ.

"ಬಿಚ್ರಿ ಅಂತ ನಾ ಹ್ಯಾಂಗ ಅನ್ಲಿ? ಒಂದು ದರಖಾಸ್ತು ಬರೀರಿ. ನನಗ ಇಜಾಜತ್ ಬೇಕು ಅಂತ. ಕಾರಣ ಮಾತ್ರ ಗಟ್ಟಿ ಇರ್ಲಿ, ಗಟ್ಟಿ ಕಾರಣ ಇಲ್ದ ಚಿತ್ತಾಪುರದಾಗ ಯಾರೂ ಓದಂಗಿಲ್ಲ."

ಮುಖ ಮುಚ್ಚಿಕೊಳ್ಳಲು ಅಪ್ಪಣೆ ಕೇಳಿ ಉರ್ದುವಿನಲ್ಲಿ ಅರ್ಜಿ ಬರೆದ ಮನುಷ್ಯ ಇಡೀ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು. ಎರಡು ದಿನ ಬರೆದೆ, ಹರಿದೆ, ಬರೆದೆ. ಕಾರಣ ಗಟ್ಟಿಯಾಗಲಿ ಎಂದು ಅಕ್ಕನ ಉಬ್ಬಸ ಬರೆದೆ. ಅದು ಸಾಲದು ಅನಿಸಿ ಕೆಮ್ಮು ಸೇರಿಸಿದೆ. ಕೆಮ್ಮು ಹಳೆಯದೆಂದು ಬರೆದರೆ ಕಚೇರಿಯವರು ಹಗುರಾಗಿ ತೆಗೆದುಕೊಂಡಾರೆಂದು ಹಳೆಯದು ಎಂಬುದನ್ನು ಬಿಟ್ಟೆ. ನನ್ನ ಕೈಯಾರೆ ಬಿಟ್ಟೆ. ಈ ಒಂದು ಸಂಗತಿಯನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ಕಾಗದವಾಗಿ ಅಲ್ಲ. ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದರೆ ಮನೆ ಮುಂದೆ ಊರಿನ ಸ್ವಚ್ಛತೆ ನೋಡುವ ಸಫಾಯಿ ದರೋಗ ನಿಂತಿದ್ದ. ಜೊತೆಗೆ ಸುಣ್ಣದ ಬಕೆಟ್ಟು ಹಿಡಿದ ಇಬ್ಬರು.

"ನಿಮ್ಮ ಮನ್ಯಾಗ ಕೆಮ್ಮಿನ ಕೇಸ್ ಅದ," ಎಂದ ದರೋಗ.

"ಯಾರ್ ಹೇಳಿದ್ರು?"

"ನೀವ ಬರದೀರಲ್ರೀ, ಸಹಿ ಸಮೇತ."

"ನಾ ಬರದದ್ದು ಇಜಾಜತ್ ಸಲುವಾಗ್ರೀ! ಬಟ್ಟಿ ಕಟ್ಕೋಳಿಕ್ಕೆ!"

"ಇಜಾಜತ್ ಮಾತು ಬ್ಯಾರೆ ಸಾಹೇಬರ ಕಡಿ ಹೋಗ್ಯಾದ. ಕೆಮ್ಮಿನ ಮಾತು ನನ್ನ ಕಡಿ ಬಂದದ. ಮನಿ ಖಾಲಿ ಮಾಡ್ರಿ, ಹದಿನೈದು ದಿನ ಝೋಪಡ್ಯಾಗ ಇರ್ಬೇಕು."

ಒಳಗೆ ನೈವೇದ್ಯ ಆಗಿತ್ತು. ಪಾತ್ರೆಗೆ ತುಂಬಿ, ಮೇಲೆ ಬಾಳೆಲೆ ಮುಚ್ಚಿ, ಅಕ್ಕ ಒಲೆಯ ಪಕ್ಕ ಕಾಯುತ್ತ ನಿಂತಿದ್ದಳು. ಸುಣ್ಣದವರು ಚಪ್ಪಲಿ ಕಾಲಿನಲ್ಲೇ ಅಡುಗೆಮನೆಗೆ ನಡೆದರು. ಅವರದೇನು ತಪ್ಪು, ಗೋಡೆಗೆ ಸುಣ್ಣ ಹಚ್ಚುವುದು ಅವರ ಕೆಲಸ. ಅಕ್ಕ ಪಾತ್ರೆಗೂ ಅವರಿಗೂ ನಡುವೆ ಕೈ ಅಗಲಿಸಿ ನಿಂತಳು, ಹಿತ್ತಲಿಗೆ ನುಗ್ಗಿದ ದನವನ್ನು ತಡೆಯುವ ಹಾಗೆ. ಬಕೆಟ್ಟಿನ ಸುಣ್ಣ ಬಾಳೆಲೆಯ ಮೇಲೆ ಸಿಡಿಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಪೂಜಾರಿಗಳು, "ಅಕ್ಕಾರ, ಆತೇ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ದರೋಗನನ್ನು ನೋಡಿದರು, ಹೆಗಲ ಮೇಲಿನ ಶಲ್ಯ ಮೂಗಿಗೆ ಹಿಡಿದರು, ಬರಿಗೈಯಲ್ಲಿ ಹೊರಟುಹೋದರು.

ಭಂಕೂರದ ದಾರಿಯಲ್ಲಿ, ಊರಿಂದ ಒಂದು ಮೈಲಿಗೆ, ಜೋಳದ ಕಣಕಿಯ ಝೋಪಡಿ. ನಾನು, ನನ್ನ ಹೆಂಡತಿ, ಅಕ್ಕ. ಯಾರ ಉಸಿರೂ ಅಕ್ಕನಿಗೆ ತಾಗಬಾರದೆಂದು ಒದ್ದಾಡಿದ ನಾನು, ಮೂವರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಮಲಗುವ ಜಾಗಕ್ಕೆ ಅವಳನ್ನು ತಂದಿದ್ದೆ. ಕಣಕಿಯ ಸಂದಿಯಿಂದ ಗಾಳಿ, ಗಾಳಿಯ ಜೊತೆ ಕಲ್ಲಿನ ಪುಡಿ. ಮೂರು ಕಲ್ಲು ಹೂಡಿದ ಒಲೆಯಲ್ಲಿ ಹೆಂಡತಿ ಅಡುಗೆ ಮಾಡಿದರೆ ಅಕ್ಕ ಮಡಿಯಿಲ್ಲದ ಆ ಅಡುಗೆ ಒಲ್ಲದೆ ಎರಡು ಬಾಳೆಹಣ್ಣು, ಅವಲಕ್ಕಿ ತಿಂದು ಇದ್ದಳು. ಚಿಂಚೋಳಿಯಲ್ಲಿದ್ದ ನಮ್ಮ ತಮ್ಮ ಸುದ್ದಿ ಕೇಳಿ, ಬರಲು ಆಗುವುದಿಲ್ಲವೆಂದು ಕಾಗದ ಹಾಕಿದ. ಮೂಲೆ ಹರಿದಿರಲಿಲ್ಲ, ಅದಷ್ಟೇ ಸಮಾಧಾನ.

ದಾರಿಯಲ್ಲಿ ಊರಿನವರು ಹೋಗಿಬರುತ್ತಿದ್ದರು. ನಮ್ಮ ಝೋಪಡಿ ಹತ್ತಿರ ಬಂದೊಡನೆ ಒಬ್ಬೊಬ್ಬರೂ ಟವಲು, ಸೆರಗು, ಧೋತರದ ಚುಂಗು ಎಳೆದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಪಾನಪಟ್ಟಿಯವನು ಎರಡೂ ಕೈಯಿಂದ ಮುಚ್ಚಿಕೊಂಡು ಓಡಿದ. ಅವರ ಹತ್ತಿರ ಯಾರೂ ಅರ್ಜಿ ಕೇಳಲಿಲ್ಲ.

ಒಂಬತ್ತನೆಯ ದಿನ ಶಾಲೆಯ ಜವಾನ ಬಂದ. ದೂರದಲ್ಲೇ ನಿಂತು, "ಸರ್ರ, ಕಾಗದ ಬಂದದ್ರೀ ಚಿತ್ತಾಪುರದಿಂದ," ಎಂದು ಕೂಗಿದ. ಮುಖಕ್ಕೆ ಕಣ್ಣಷ್ಟೇ ಬಿಟ್ಟು ರುಮಾಲು ಸುತ್ತಿದ್ದ. ಕಾಗದವನ್ನು ಒಂದು ಕಲ್ಲಿಗೆ ಸುತ್ತಿ ನನ್ನ ಕಡೆಗೆ ಎಸೆದ. ಬಿಚ್ಚಿ ನೋಡಿದೆ. ರೋಗ ಸಂಪೂರ್ಣ ನಿಂತಿರುವುದರಿಂದ, ಬಾಯಿಬಟ್ಟೆಯ ಅಗತ್ಯ ಯಾರಿಗೂ ಇರದ ಕಾರಣ, ಅರ್ಜಿ ನಾಮಂಜೂರು ಎಂದಿತ್ತು. ತಲೆ ಎತ್ತಿದರೆ ಜವಾನ ಓಡುತ್ತಿದ್ದ.

ನಾನು ಅಂದೇ ಬಟ್ಟೆ ಬಿಚ್ಚಿದೆ. ಸರ್ಕಾರದ ಮಾತು ಮೀರುವ ಎದೆ ನನಗಿರಲಿಲ್ಲ.

ಹದಿನೈದು ದಿನವಾದ ಮೇಲೆ ಡಾಕ್ಟರರು ನೋಡಿ, ಏನೂ ಇಲ್ಲವೆಂದು ಬರೆದುಕೊಟ್ಟರು. ಮನೆಗೆ ಬಂದ ದಿನವೇ ಅಕ್ಕ ಅಡುಗೆಮನೆಯನ್ನು ಮೂರು ಸಲ ತೊಳೆದಳು. ಮರುದಿನ ನಸುಕಿನಲ್ಲಿ ತಣ್ಣೀರು ಬೇಡವೆಂದು ನಾನು ಗೋಗರೆದರೂ ಕೇಳದೆ ಸ್ನಾನ ಮಾಡಿ ಒಲೆ ಹಚ್ಚಿದಳು. ಮಧ್ಯಾಹ್ನವಾಯಿತು, ಪೂಜಾರಿಗಳು ಬರಲಿಲ್ಲ. ನಾನು ಡಾಕ್ಟರರ ಕಾಗದ ಹಿಡಿದು ಗುಡಿಗೆ ಓಡಿದೆ.

"ನನಗೇನು ಅನುಮಾನ ಇಲ್ರೀ ಮಾಸ್ತರ್ರ," ಎಂದರು ಪೂಜಾರಿಗಳು, ಕಾಗದದ ಕಡೆ ನೋಡದೆ. "ಆದ್ರ ಮಂದಿ ಪ್ರಸಾದ ತಗೋಳಿಕ್ಕೆ ಹಿಂದ ಮುಂದ ನೋಡ್ತಾರ. ಬ್ಯಾರೆ ಮನಿಯಿಂದ ತರ್ಸ್ಲಿಕತ್ತೀನಿ. ಅಕ್ಕಾರಿಗೂ ವಯಸ್ಸಾತು, ಆರಾಮ ಇರ್ಲಿ."

"ಭಾಳ ದಿನದ ಸೇವಾ ಅದರೀ ಅಕಿದು."

"ಖರೇ ಅದ. ನೀವು ಆ ಬಟ್ಟಿ ಸುಮ್ಮ ಬಿಚ್ಚಿ ಇಟ್ಟಿದ್ರ ಏನೂ ಆಗ್ತಿದ್ದಿಲ್ಲ ನೋಡ್ರಿ."

ನಾನು ಡಾಕ್ಟರರ ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡೆ.

ಮನೆಗೆ ಬಂದು, ನಾಳೆ ಬರುತ್ತಾರಂತೆ ಎಂದು ಸುಳ್ಳು ಹೇಳಿದೆ. ನಾಲ್ಕು ದಿನ ಸುಳ್ಳು ಹೇಳಿದೆ. ನಾಲ್ಕೂ ದಿನ ಅವಳು ನೈವೇದ್ಯ ಮಾಡಿ ಪಾತ್ರೆ ಬಾಗಿಲ ಬಳಿ ತಂದಿಟ್ಟಳು. ಐದನೆಯ ದಿನ, ಹೊತ್ತು ಇಳಿದ ಮೇಲೆ, ಪಾತ್ರೆಯನ್ನು ತಾನೇ ಎತ್ತಿ ಹಿತ್ತಲಿಗೆ ಒಯ್ದು ಆಕಳ ಮುಂದೆ ಸುರಿದು ಬಂದಳು. ನಾನು ಕಂಬಕ್ಕೆ ಆತು ನಿಂತಿದ್ದೆ.

"ತಮ್ಮಾ," ಎಂದಳು, "ನನ್ನ ಎದಿ ಸಲುವಾಗಿ ಇಷ್ಟೆಲ್ಲಾ ಮಾಡ್ದೆಲ್ಲ. ಎದಿ ಉಳೀತು. ಇದನ್ನ ಇಟ್ಕೊಂಡು ನಾ ಏನ್ ಮಾಡ್ಲಿ, ಅದನ್ನೂ ನೀನ ಹೇಳು."

ಬೈದಿರಲಿಲ್ಲ. ಖರೇನೇ ಕೇಳಿದ್ದಳು, ಹುಡುಗರು ಲೆಕ್ಕ ಬಾರದಾಗ ಕೇಳುವ ಹಾಗೆ, ನನ್ನ ಮುಖ ನೋಡುತ್ತ.

ಅಕ್ಕ ಈಗಲೂ ಇದ್ದಾಳೆ. ನನಗೆ ಐವತ್ತು ಹತ್ತಿರ ಬಂತು, ಅವಳಿಗೆ ಅರವತ್ತು ದಾಟಿತು. ಒಲೆಯನ್ನು ನನ್ನ ಹೆಂಡತಿಗೆ ಬಿಟ್ಟುಕೊಟ್ಟು ಹಿಂದಿನ ಕೋಣೆಯಲ್ಲಿ ಕೂತಿರುತ್ತಾಳೆ. ಊಟಕ್ಕೆ ಕರೆದರೆ, "ಎಲ್ಲಿಗೂ ಕಳಸೂದಿಲ್ಲ, ಅವಸರ ಏನದ," ಎನ್ನುತ್ತಾಳೆ. ತಣ್ಣೀರು, ಹೊಗೆ ಎರಡೂ ತಪ್ಪಿದ್ದರಿಂದಲೋ ಏನೋ, ಉಬ್ಬಸ ಮೊದಲಿನಷ್ಟಿಲ್ಲ. ನಾನು ದಿನಾ ಸಂಜೆ ಹೋಗಿ, "ಎದಿ ಹ್ಯಾಂಗದ ಅಕ್ಕಾ?" ಎಂದು ಕೇಳುತ್ತೇನೆ.

"ಛಲೋ ಅದ," ಎನ್ನುತ್ತಾಳೆ, ಗೋಡೆಯ ಕಡೆ ಹೊರಳಿ.