ಎರಡು ಹಳ್ಳಿಗಳ ಬೋರ್ಡು

ಮುದ್ದೇಬಿಹಾಳದ ಗುರುಪಾದಪ್ಪ ಊರಲ್ಲಿ ಕರೆಂಟ್ ಕಂಬ ನೆಡುತ್ತಿದ್ದವನು. ಕತಾರಿಗೆ ಬಂದು ಫೋರ್‌ಮನ್ ಆದ ಮೇಲೂ ಹೆಚ್ಚುಕಡಿಮೆ ಅದೇ ಕೆಲಸ. ರಸ್ತೆ ಬದಿಯಲ್ಲಿ ಗುಂಡಿ ತೋಡಿಸಿ, ಕಾಂಕ್ರೀಟ್ ಹಾಕಿಸಿ, ಬೋರ್ಡು ನಿಲ್ಲಿಸುವುದು.

ಆ ದಿನ ಕತಾರಿನ ಉತ್ತರದ ಅಲ್ ಶಮಾಲಿನಲ್ಲಿ ನಿಲ್ಲಿಸಬೇಕಾಗಿದ್ದದ್ದು ಅಕ್ಕಪಕ್ಕದ ಎರಡು ಹಳ್ಳಿಗಳು ಹುಟ್ಟಿದ ಕತೆ ಹೇಳುವ ಬೋರ್ಡು. ಕಾಂಕ್ರೀಟ್ ಲಾರಿ ಬಂದು ನಿಂತಿತ್ತು. ಅಷ್ಟರಲ್ಲಿ ಒಂದು ಹಳೇ ಪಿಕಪ್ ಬಂತು. ಅದರಿಂದ ಇಳಿದ ಕತಾರಿ ಮುದುಕ, ಒರಗಿಸಿಟ್ಟಿದ್ದ ಬೋರ್ಡನ್ನು ಬೆರಳಿಟ್ಟು ಓದಿದ. ಯಾರೂ ತಡೆಯುವ ಮೊದಲೇ ಸೊಂಟದಾಳದ ಗುಂಡಿಗೆ ಇಳಿದು ನಿಂತುಬಿಟ್ಟ.

"ಏನಂತಾರ ಇವ್ರು?" ಗುರುಪಾದಪ್ಪ ಲಾರಿಯ ಡ್ರೈವರ್ ತಾಹಿರನನ್ನು ಕೇಳಿದ. ತಾಹಿರ್ ಉಪ್ಪಿನಂಗಡಿಯವನು, ಅರಬ್ಬಿ ಬಲ್ಲವನು.

"ಇವರ ಮುತ್ತಜ್ಜ ಕಳ್ಳತನ ಮಾಡಿದ್ದಕ್ಕೆ ಆಚೆ ಹಳ್ಳಿಯವರು ಓಡಿಸಿದ್ರಂತೆ, ಹಾಗೆ ಈಚೆ ಹಳ್ಳಿ ಆದದ್ದಂತೆ. ಬೋರ್ಡಲ್ಲಿ ಹಾಗೆ ಉಂಟು. ಅದು ಸುಳ್ಳು, ಬಾವಿ ನೀರು ಉಪ್ಪಾಯ್ತು ಅಂತ ಬಂದದ್ದು ಅಂತಾರೆ ಇವರು. ಅಳಿಸದೆ ಮೇಲೆ ಬರುದಿಲ್ಲವಂತೆ. ಬೇಕಾದ್ರೆ ನನ್ನ ಮೇಲೇ ಕಾಂಕ್ರೀಟ್ ಸುರೀರಿ ಅಂತಿದ್ದಾರೆ."

ಗುರುಪಾದಪ್ಪ ಮ್ಯಾನೇಜರಿಗೆ ಫೋನ್ ಹಚ್ಚಿದ. ಆತ ಸಿಡುಕಿದ: "ಎಳೆದು ಹೊರಗೆ ಹಾಕು. ಸಂಜೆ ಬೋರ್ಡು ನೋಡೋಕೆ ಸಾಹೇಬರು ಬರ್ತಾರೆ. ಆಗೋದಿಲ್ಲಾಂದ್ರೆ ನಾಳೆಯಿಂದ ಬರಬೇಡ."

ಈ ನಾಡಿನ ಮನುಷ್ಯನ ಮೈಮೇಲೆ ಕೈಯಿಟ್ಟರೆ ಜೈಲಾಗಬಹುದು, ಊರಿಗೆ ಅಟ್ಟಲೂಬಹುದು. ಇಡದಿದ್ದರೆ ಕೆಲಸ ಹೋಗುತ್ತದೆ. ಮಗಳು ಸೌಂದರ್ಯಾಳ ಮದುವೆ ಗೊತ್ತಾಗಿ ವಾರವೂ ಆಗಿರಲಿಲ್ಲ. ಲಾರಿಯ ಡ್ರಮ್ಮು ಗರಗರ ತಿರುಗುತ್ತಿತ್ತು, ಒಳಗೆ ಕಾಂಕ್ರೀಟ್ ಬಿಗಿಯತೊಡಗಿತ್ತು.

"ಹಿಡದು ಎತ್ತೂಣೇನ್ರಿ?" ಅಂದ ಕೆಲಸದ ಸಂಜೀವ.

"ಯಾರೂ ಕೈ ಹಚ್ಚಬ್ಯಾಡ್ರಿ!" ಗುರುಪಾದಪ್ಪ ತಾಹಿರನ ಕಡೆ ತಿರುಗಿದ. "ಖಲಾಸ್. ಲಾರಿ ವಾಪಸ್ ಒಯ್ಯಿ."

"ಕೆಲಸ ಹೋದೀತು ಮಾರಾಯ್ರೇ!"

"ಹೋಗ್ಲಿ. ನಮ್ಮಪ್ಪಗ ಕಳ್ಳ ಅಂತ ಬರದ್ರ ನಾನೂ ಇಳೀತಿದ್ದೆ."

ಅದನ್ನು ತಾಹಿರ್ ಅರಬ್ಬಿಯಲ್ಲಿ ಹೇಳುತ್ತಿದ್ದಂತೆಯೇ ಮುದುಕ ಬಿಸಿಲಿಗೆ ತೂರಾಡಿದ. ಗುಂಡಿಯ ಅಂಚು ಹಿಡಿಯಹೋಗಿ ಕುಸಿದ. ಗುರುಪಾದಪ್ಪ ಒಳಗೆ ಹಾರಿದ. ಕಂಕುಳಿಗೆ ಕೈಕೊಟ್ಟು ಎತ್ತುವಾಗಲೇ ಮ್ಯಾನೇಜರ್ ಕರೆಸಿದ್ದ ಪೊಲೀಸ್ ಗಾಡಿ ಬಂತು. ಪೊಲೀಸರಿಗೆ ಕಂಡದ್ದು ಇಷ್ಟೇ: ಒಬ್ಬ ಕೂಲಿ ತಮ್ಮ ಹಿರಿಯನನ್ನು ಗುಂಡಿಯೊಳಗೆ ಅಮುಕಿ ಹಿಡಿದಿದ್ದಾನೆ. ಅವರು ಕೂಗುತ್ತಾ ಓಡಿಬಂದು ಗುರುಪಾದಪ್ಪನ ತೋಳು ತಿರುಚಿ ಬೇಡಿ ತೊಡಿಸಿದರು. ತಾಹಿರ್ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ತಲೆಗೆ ನೀರು ಸುರಿದ ಮೇಲೆ ಮುದುಕ ಕಣ್ಣು ಬಿಟ್ಟ. ಮೊದಲು ಕಂಡದ್ದು ಬೇಡಿ.

"ಬಿಡ್ರೋ ಅವನನ್ನ!" ಎಂದು ಅರಬ್ಬಿಯಲ್ಲಿ ಗದರಿದ. "ಬಿದ್ದವನು ನಾನು. ಎತ್ತಿದವನು ಅವನು."

ಬೇಡಿ ಬಿಚ್ಚಿದರು. ಗುರುಪಾದಪ್ಪ ಮರಳಿನ ಮೇಲೇ ಕೂತುಬಿಟ್ಟ.

ಕೇಸಾಗಲಿಲ್ಲ. ಆದರೆ ಫೋರ್‌ಮನ್ ಕೆಲಸ ಹೋಯಿತು. ಗೋದಾಮಿನಲ್ಲಿ ಸಾಮಾನು ಕಾಯಲು ಹಾಕಿದರು. ಬೋರ್ಡನ್ನು ಹೊಸದಾಗಿ ಬರೆಸಿ ಚಳಿಗಾಲದಲ್ಲಿ ಬೇರೆಯವರು ನೆಟ್ಟರು. ಒಂದು ಶುಕ್ರವಾರ ತಾಹಿರ್ ಗುರುಪಾದಪ್ಪನನ್ನು ಕರೆದುಕೊಂಡು ಹೋಗಿ ಓದಿಹೇಳಿದ. ಕಳ್ಳತನದ ಮಾತಿರಲಿಲ್ಲ, ಉಪ್ಪುನೀರಿನ ಮಾತೂ ಇರಲಿಲ್ಲ. ಮೊದಲು ಆಚೆ ಹಳ್ಳಿ, ಆಮೇಲೆ ಈಚೆ ಹಳ್ಳಿ, ಅಷ್ಟೇ.

"ಅರ್ಧ ಗೆದ್ದೆ" ಎಂದು ಅಂದು ಮಧ್ಯಾಹ್ನ ಮುದುಕ ಗೊಣಗಿದ, ಇಬ್ಬರಿಗೂ ತನ್ನ ಮನೆಯ ಅಂಗಳದಲ್ಲಿ ಊಟ ಬಡಿಸುತ್ತಾ.